ವೈನಿ ಹೇಳಬೇಡ ಎಂದಿದ್ದ ಮಾತು

ಹೋದ ತಿಂಗಳು ಲಿಂಗಸುಗೂರಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ಹೊಸದಾಗಿ ಬಂದ ಇತಿಹಾಸದ ಮೇಡಂ ತಮ್ಮ ಡಬ್ಬಿಯ ಮುಚ್ಚಳ ತೆಗೆದರು. ಗುರೆಳ್ಳು ಚಟ್ನಿಪುಡಿಯ ವಾಸನೆ... ಹದವಾಗಿ ಹುರಿದ ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಅವುಗಳ ಹಿಂದೆ ಎಲ್ಲೋ ಒಂಚೂರು ಹುಣಸೆ.

"ಬಳಗಾನೂರಿಂದ ನಮ್ಮವ್ವ ಕಳಿಸ್ಯಾಳ್ರಿ, ಹಚಗೊಳ್ರಿ" ಎಂದು ನನ್ನ ರೊಟ್ಟಿಯ ಮೇಲೂ ಒಂದು ಚಮಚ ಹಾಕಿದರು. ಮುರಿದ ತುತ್ತು ನನ್ನ ಕೈಯಲ್ಲೇ ಉಳಿಯಿತು.

"ಯಾಕ್ರಿ ಮೇಡಂ, ಖಾರ ಭಾಳ ಆಗೇತೇನು?"

"ಇಲ್ಲರಿ, ಚಲೋ ಐತಿ" ಎಂದೆ. ಆದರೆ ತಿನ್ನಲಾಗಲಿಲ್ಲ. ವೈನಿಯ ತವರೂ ಬಳಗಾನೂರೇ. ಅವಳ ಚಟ್ನಿಪುಡಿಯಲ್ಲೂ ಇದೇ ಹುಣಸೆ ಇರುತ್ತಿತ್ತು. ವೈನಿ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಮಣ್ಣಿಗೆ ಹೋಗಿರಲಿಲ್ಲ. ಪರೀಕ್ಷೆಯ ಡ್ಯೂಟಿ ಇದೆ ಎಂದು ಮನೆಯವರಿಗೆ ಹೇಳಿದ್ದೆ. ಡ್ಯೂಟಿ ಇದ್ದದ್ದು ನಿಜ. ಕೇಳಿದ್ದರೆ ಬದಲಿಸಿ ಕೊಡುತ್ತಿದ್ದರು ಎಂಬುದೂ ನಿಜ.

ಅವಳು ನಮಗೆ ರಕ್ತಸಂಬಂಧಿಯಲ್ಲ. ಮಸ್ಕಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯ ಮಗ ಮಿಲಿಟರಿಯಲ್ಲಿದ್ದರು. ಅವರನ್ನು ನಾವು ಚಿಕ್ಕವರೆಲ್ಲ ಅಣ್ಣ ಎನ್ನುತ್ತಿದ್ದೆವು, ಹಾಗಾಗಿ ಅವರ ಹೆಂಡತಿ ನಮಗೆ ವೈನಿ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಮದುವೆಯಾಗಿ ಬಂದಳು. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು, ಆದರೂ ನಾನು ಅವಳಿಗೆ ನೀ ಎಂದೇ ಅನ್ನುತ್ತಿದ್ದೆ. ಅವಳೇ ಹಾಗೆ ಅನ್ನಿಸಿಕೊಂಡಿದ್ದಳು. ಬಂದ ಮೊದಲ ವಾರದಲ್ಲಿ ನಾನು "ನೀವು" ಎಂದಾಗ, "ನಾ ಏನ್ ನಿಮಗ ಸಾಲಿ ಕಲಿಸೋ ಬಾಯೋರೇನಬೇ?" ಎಂದು ನಕ್ಕಿದ್ದಳು.

ಅಣ್ಣ ವರ್ಷಕ್ಕೆ ಎರಡು ಸಲ ರಜೆಯಲ್ಲಿ ಬರುತ್ತಿದ್ದರು. ಮಿಕ್ಕ ದಿನಗಳಲ್ಲಿ ವೈನಿ, ಅವಳ ಅತ್ತೆ, ಮದುವೆಯಾಗದ ಒಬ್ಬ ನಾದಿನಿ, ಆಮೇಲೆ ಒಂದು ಹೆಣ್ಣುಕೂಸು... ಇಷ್ಟೇ ಮನೆ. ಎರಡು ತಿಂಗಳಿಗೊಮ್ಮೆ ವೈನಿ ಅಣ್ಣನಿಗೆ ಪಾರ್ಸಲ್ ಕಳಿಸುತ್ತಿದ್ದಳು. ಗುರೆಳ್ಳು ಚಟ್ನಿಪುಡಿ, ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿ. ಡಬ್ಬಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಅಂಚನ್ನು ದಬ್ಬಳದಿಂದ ಹೊಲಿಯುತ್ತಿದ್ದಳು. ಅದರ ಮೇಲೆ ಇಂಗ್ಲಿಷಿನಲ್ಲಿ ಅಡ್ರೆಸ್ ಬರೆಯುವುದು ನನ್ನ ಕೆಲಸ. ಆ ಅಡ್ರೆಸ್ಸಿನಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ, ಬರೀ ಅಂಕಿಗಳು. ಅಣ್ಣ ಎಲ್ಲಿದ್ದಾರೆ ಎಂದು ಕೇಳಿದರೆ ವೈನಿ ಕೈಯನ್ನು ಬಡಗಣ ದಿಕ್ಕಿಗೆ ಬೀಸಿ, "ಅಲ್ಲೆಲ್ಲೋ ಮ್ಯಾಲ" ಎನ್ನುತ್ತಿದ್ದಳು.

ಅವರು ಆಕಾಶ ಕಾಯುವ ದಳದಲ್ಲಿದ್ದರು. ವೈರಿಯ ಕ್ಷಿಪಣಿಯೋ ವಿಮಾನವೋ ಬಂದರೆ ಅದನ್ನು ಪರದೆಯ ಮೇಲೆ ಮೊದಲೇ ಕಂಡು, ಇಲ್ಲಿಂದ ಇನ್ನೊಂದನ್ನು ಹಾರಿಸಿ ಮೇಲೆಯೇ ಒಡೆದುಹಾಕುವ ಕೆಲಸ. ವೈನಿಗೆ ಗೊತ್ತಿದ್ದದ್ದೂ ಅಷ್ಟೇ, ನಮಗೆ ಗೊತ್ತಿದ್ದದ್ದೂ ಅಷ್ಟೇ.

ನಾನು ಸಿಂಧನೂರಿನಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮಪ್ಪನದು ಬಜಾರಿನಲ್ಲಿ ಕಿರಾಣಿ ಅಂಗಡಿ. ಮಗಳು ಪಿಯುಸಿ ಮುಗಿಸಿದರೆ ಸಾಕು ಎಂದಿದ್ದ ಅಪ್ಪನನ್ನು ಒಪ್ಪಿಸಿದವಳು ವೈನಿ. ನಮ್ಮವ್ವನ ಬಾಯಿಂದ ಹೇಳಿಸಿ, ತಾನೂ ಬಾಗಿಲ ಮರೆಯಲ್ಲಿ ನಿಂತು ಹೇಳಿ... ಅಪ್ಪ ಕೊನೆಗೆ, "ಒಂದ ಒಂದು ಕೆಟ್ಟ ಮಾತು ನನ್ನ ಕಿವಿಗೆ ಬಂದ್ರ ಅವತ್ತ ಬಂದ್" ಎಂಬ ಷರತ್ತಿನ ಮೇಲೆ ಕಳಿಸಿದ್ದ.

ಆ ವರ್ಷ ಲಿಂಗಸುಗೂರಿನಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ ಇತ್ತು. ವಿಷಯ: ದೇಶಕ್ಕೆ ಕ್ಷಿಪಣಿ ರಕ್ಷಣಾ ವ್ಯವಸ್ಥೆ ಬೇಕೇ, ಬೇಡವೇ. ನಾನು ಹಿಂದೆಮುಂದೆ ನೋಡದೆ "ಬೇಡ" ಎಂಬ ಪಕ್ಷಕ್ಕೆ ಹೆಸರು ಕೊಟ್ಟೆ. ಬೇಕು ಎನ್ನುವವರು ಬಹಳ ಜನ ಇರುತ್ತಾರೆ, ಬೇಡ ಎನ್ನುವವರಿಗೆ ಬಹುಮಾನ ಸುಲಭ ಎಂಬುದು ನನ್ನ ಲೆಕ್ಕ.

ಒಂದು ಮಧ್ಯಾಹ್ನ ವೈನಿ ಪಡಸಾಲೆಯಲ್ಲಿ ಮೊರ ಹಿಡಿದು ಗುರೆಳ್ಳು ಹಸನು ಮಾಡುತ್ತಿದ್ದಳು. ಅವಳ ಮುಂದೆ ಭಾಷಣ ಒಪ್ಪಿಸಿದೆ. ನನ್ನ ವಾದ ಇಷ್ಟು: ಬರುವ ಕ್ಷಿಪಣಿಗಿಂತ ಅದನ್ನು ತಡೆಯುವ ಕ್ಷಿಪಣಿಗೆ ಖರ್ಚು ಹೆಚ್ಚು. ನಾವು ಹತ್ತು ತಡೆಯುತ್ತೇವೆ ಎಂದರೆ ವೈರಿ ಇಪ್ಪತ್ತು ಮಾಡಿಕೊಳ್ಳುತ್ತಾನೆ. ಮೇಲೆ ಕೊಡೆ ಇದೆ ಎಂಬ ಧೈರ್ಯಕ್ಕೆ ಮಾತುಕತೆಯ ದಾರಿ ಮರೆತುಹೋಗುತ್ತದೆ. ಆ ದುಡ್ಡಿನಲ್ಲಿ ದವಾಖಾನೆ ಕಟ್ಟಬಹುದು, ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿಸಬಹುದು. ಕೊನೆಯಲ್ಲಿ ಯುದ್ಧ ಬಿಟ್ಟ ರಾಜ, ನಮ್ಮ ಊರಿನ ಶಾಸನದ ಗುಡ್ಡ. ಮಸ್ಕಿಯವರು ಯಾವ ವಿಷಯದ ಮೇಲೆ ಮಾತಾಡಿದರೂ ಆ ಗುಡ್ಡದ ಮೇಲೇ ಇಳಿಯುತ್ತಾರೆ.

ವೈನಿಯ ಕೈ ನಿಂತಿತು. "ಅಂದ್ರ ನಿಮ್ಮಣ್ಣ ಮಾಡೋ ಕೆಲಸ ದಂಡ ಅಂತೀ?"

"ಅಣ್ಣಂದಲ್ಲ ವೈನಿ. ಆ ಯಂತ್ರದ್ದು."

"ನಿಮ್ಮಪ್ಪ ಅಂಗಡಿಗೆ ಶೆಟರ್ ಯಾಕ ಹಾಕ್ಯಾನ? ಕಳ್ಳ ಒಡೀಬೇಕು ಅಂದ್ರ ಒಡ್ಯಾಂಗಿಲ್ಲೇನು?"

ಇದಕ್ಕೆ ನನ್ನಲ್ಲಿ ಉತ್ತರವಿತ್ತು. "ಒಳಗಿನ ಸಾಮಾನಿಗಿಂತ ಹೆಚ್ಚಿನ ರೊಕ್ಕ ಯಾರೂ ಶೆಟರಿಗೆ ಸುರುವಂಗಿಲ್ಲ."

ಅವಳು ಮೊರವನ್ನು ಒಮ್ಮೆ ಕೊಡವಿ, ಕಲ್ಲು ಆರಿಸುತ್ತ, ತಲೆ ಎತ್ತದೆಯೇ ಕೇಳಿದಳು. "ಒಳಗ ಸಾಮಾನಲ್ಲ, ಮಂದಿ ಮಕ್ಕೊಂಡಿದ್ರ?"

ನಾನು ಭಾಷಣದ ಹಾಳೆ ಮಡಚಿದೆ. ಅವಳೇ ನಕ್ಕು, "ಹೋಗ್ಲಿ ಬಿಡು, ನೀ ಚಲೋ ಮಾತಾಡ್ತಿ. ಗೆದ್ದ ಬರ್ತಿ" ಎಂದಳು. ಸೋತ ಸಿಟ್ಟು ನನ್ನೊಳಗೆ ಹಾಗೇ ಉಳಿಯಿತು. ಹತ್ತನೇ ಕ್ಲಾಸಿನವರೆಗೆ ಓದಿದವಳು, ಮೊರ ಹಿಡಿದುಕೊಂಡು ನನ್ನ ಬಾಯಿ ಕಟ್ಟಿಬಿಟ್ಟಳಲ್ಲ ಎಂದು.

ಅದಾದ ವಾರಕ್ಕೆ ನಾನು ಅವರ ಮನೆಗೆ ಹೋದಾಗ ವೈನಿಯ ಕಣ್ಣುಗಳು ಕೆಂಪಗಿದ್ದವು. ಅತ್ತೆ ನಾದಿನಿಯನ್ನು ಕರೆದುಕೊಂಡು ಜವಳಗೇರಾದ ನೆಂಟರ ಮನೆಗೆ ಹೋಗಿದ್ದಳು. ಕೂಸು ಮಲಗಿತ್ತು. ಏನು ಎಂದು ಎರಡು ಸಲ ಕೇಳಿದ ಮೇಲೆ ಗೂಡಿನಿಂದ ಮೊಬೈಲ್ ತೆಗೆದು, ಅಣ್ಣ ಕಳಿಸಿದ್ದ ಧ್ವನಿಯನ್ನು ಹಚ್ಚಿ ನನ್ನ ಕಿವಿಗೆ ಹಿಡಿದಳು. ಎಲ್ಲ ಮಾತು ಈಗ ನೆನಪಿಲ್ಲ. ನೆನಪಿದ್ದದ್ದು ಇಷ್ಟು:

"...ಎಲ್ಲಾರೂ ಅಂತಾರ, ಒಂದೂ ಬಿಡಂಗಿಲ್ಲ ಅಂತ. ನನಗ ಗೊತ್ತೈತಿ, ಹತ್ತು ಬಂದ್ರ ಹತ್ತೂ ಹಿಡಿಯಾಕ ಆಗಂಗಿಲ್ಲ. ಆ ತಪ್ಪಿದ್ದೊಂದು ಯಾವ ಊರ ಮ್ಯಾಲೆ ಬೀಳ್ತದೋ... ಪರದೇ ಮ್ಯಾಲೆ ಒಂದು ಹಕ್ಕಿ ಸರದ್ರೂ ಎದಿ ಧಸಕ್ ಅಂತೈತಿ. ಆವಾಗ ನಮ್ಮ ಕೂಸು ಕಣ್ಣಮುಂದ ಬರ್ತಾಳ. ಯಾರ ಮುಂದ ಹೇಳ್ಲಿ, ನಿನ್ನ ಮುಂದ ಹೇಳಾಕತ್ತೀನಿ..."

ಧ್ವನಿ ಅಲ್ಲಿಗೆ ಒಡೆದಿತ್ತು. ಅಷ್ಟು ದೊಡ್ಡ ಮೈಯ ಅಣ್ಣ, ರಜೆಯಲ್ಲಿ ಬಂದರೆ ಓಣಿಯ ಹುಡುಗರನ್ನೆಲ್ಲ ಒಂದೇ ಕೈಯಲ್ಲಿ ಎತ್ತುತ್ತಿದ್ದ ಅಣ್ಣ, ಅಳುತ್ತಿದ್ದರು.

"ಒಬ್ಬಾಕಿನ ಇಟಗೊಂಡು ಇಟಗೊಂಡು ಎದಿ ಭಾರ ಆಗಿತ್ತು, ಅದಕ್ಕ ಕೇಳಿಸಿದೆ" ಎಂದಳು ವೈನಿ. "ಯಾರ ಮುಂದೂ ಅನ್ನಬ್ಯಾಡ, ತಂಗಿ."

"ಅನ್ನಂಗಿಲ್ಲ ವೈನಿ."

ಸ್ಪರ್ಧೆಯ ದಿನ ಸಭಾಂಗಣ ತುಂಬಿತ್ತು. ಐದು ನಿಮಿಷದ ನನ್ನ ಭಾಷಣ ಚೆನ್ನಾಗಿಯೇ ಆಯಿತು. ಆದರೆ ನನ್ನ ನಂತರ ಲಿಂಗಸುಗೂರಿನ ಒಬ್ಬ ಹುಡುಗಿ ಬಂದಳು. ಸಣ್ಣ ದನಿ, ಕೈಯಲ್ಲಿ ಚೀಟಿ ಕೂಡ ಇಲ್ಲ. "ಎಲ್ಲವನ್ನೂ ತಡೆಯಲಾಗುವುದಿಲ್ಲ ಎಂಬುದು ನಿಜ. ಆದರೆ ತಡೆದ ಒಂದು ಕ್ಷಿಪಣಿ ಯಾವ ಊರಿನ ಮೇಲೆ ಬೀಳಬೇಕಿತ್ತೋ, ಆ ಊರಿನವರನ್ನು ಕೇಳಿ, ಇದು ದಂಡದ ಖರ್ಚೇ ಎಂದು" ಎಂದಳು. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ವೈನಿ ಪಡಸಾಲೆಯಲ್ಲಿ ಕೇಳಿದ್ದನ್ನೇ ಅವಳು ವೇದಿಕೆಯ ಮೇಲೆ ಕೇಳಿದ್ದಳು.

ಮರುವಾದಕ್ಕೆ ಎರಡು ನಿಮಿಷವಿತ್ತು. ಮೈಕಿನ ಮುಂದೆ ನಿಂತೆ. ಎದುರಿಗೆ ಅಷ್ಟು ಮುಖಗಳು. ಬಾಯಿಂದ ಬಂದದ್ದು ಇದು: "ನಾನು ಪುಸ್ತಕದ ಮಾತು ಹೇಳುವುದಿಲ್ಲ. ಆ ಯಂತ್ರದ ಮುಂದೆ ಕೂತಿರುವ ಸೈನಿಕನ ಮಾತು ಹೇಳುತ್ತೇನೆ. ಅವರು ನಮ್ಮ ಮಸ್ಕಿಯವರು, ನಮ್ಮ ಪಕ್ಕದ ಮನೆಯವರು..." ಆಮೇಲೆ ಅಣ್ಣನ ಮಾತುಗಳನ್ನು ಅವರದೇ ದನಿಯಲ್ಲಿ ಹೇಳಿದೆ. ಹತ್ತು ಬಂದ್ರ ಹತ್ತೂ ಹಿಡಿಯಾಕ ಆಗಂಗಿಲ್ಲ... ದನಿ ಒಡೆದ ಜಾಗದಲ್ಲಿ ನನ್ನ ದನಿಯನ್ನೂ ಒಡೆದೆ. ನನಗೆ ಅನುಕರಣೆ ಚೆನ್ನಾಗಿ ಬರುತ್ತಿತ್ತು.

ಮೊದಲ ಬಹುಮಾನ ನನಗೇ ಬಂತು. ಬಸ್ಸಿನಲ್ಲಿ ಬರುವಾಗ ವೈನಿಗೆ ಕೊಟ್ಟ ಮಾತು ನೆನಪಾಯಿತು. ಲಿಂಗಸುಗೂರಿನ ಮಾತು ಮಸ್ಕಿಗೆ ಯಾಕೆ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಮಸ್ಕಿಗಷ್ಟೇ ಅಲ್ಲ, ಬಡಗಣ ದಿಕ್ಕಿಗೂ ಹೋಯಿತು. ಯಾರೋ ನನ್ನ ಮಾತನ್ನು ಮೊಬೈಲಿನಲ್ಲಿ ತೆಗೆದಿದ್ದರು. "ಮಸ್ಕಿಯ ಯೋಧನೇ ಬಿಚ್ಚಿಟ್ಟ ಸತ್ಯ" ಎಂದು ತಲೆಬರಹ ಹಾಕಿ ಇನ್ಯಾರೋ ಹಂಚಿದರು. ನಾಲ್ಕೇ ದಿನದಲ್ಲಿ ಅದು ಅಣ್ಣನ ಜೊತೆಗೇ ಇದ್ದ ನಮ್ಮ ಕಡೆಯ ಒಬ್ಬ ಸೈನಿಕನ ಫೋನಿಗೆ ಬಂತು, ಅಲ್ಲಿಂದ ಮೇಲಿನವರಿಗೆ. ಅಣ್ಣನನ್ನು ಕರೆದು ವಿಚಾರಣೆ ಮಾಡಿದರು. ಕೆಲಸದ ಮಾತು ಹೊರಗೆ ಯಾಕೆ ಹೋಯಿತು, ಇನ್ನೇನೇನು ಹೇಳಿದ್ದೀ ಎಂದು. ಮಂಜೂರಾಗಿದ್ದ ರಜೆ ರದ್ದಾಯಿತು. ಮುಂದಿನ ತಿಂಗಳು ಅವರ ತಂಗಿಯ ಮದುವೆ ಇತ್ತು. ತಂದೆಯಿಲ್ಲದ ಮನೆ. ಮುಂದೆ ನಿಂತು ಧಾರೆ ಎರೆಸಬೇಕಾದವರು ಅಣ್ಣನೇ.

ಒಂದು ಬೆಳಿಗ್ಗೆ ವೈನಿಯ ಅತ್ತೆ, ಅಣ್ಣನ ದೊಡ್ಡಪ್ಪ ನಮ್ಮ ಮನೆಗೆ ಬಂದರು. ಅವರ ಹಿಂದೆ ಕೂಸನ್ನು ಬಗಲಿಗೆ ಹಾಕಿಕೊಂಡು ವೈನಿ. ಅವಳು ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು. ಅಪ್ಪ ನನ್ನನ್ನು ಕರೆದ.

"ಈ ಮಾತು ನಿನಗ ಹೆಂಗ ಸಿಕ್ತು?"

ನಾನು ನೆಲ ನೋಡುತ್ತಿದ್ದೆ.

"ಕದ್ದು ಕೇಳಿದೇನು? ಇಲ್ಲಾ ಬ್ಯಾಡ ಅಂದದ್ದನ್ನ ಹೇಳಿದೇನು? ಖರೇ ಹೇಳು. ಹಂಗೇನರ ಇದ್ರ ಇವತ್ತಿಗೆ ನಿನ್ನ ಕಾಲೇಜು ಮುಗೀತು."

"ವೈನಿನ ಕೇಳಿಸಿದ್ಲು" ಎಂದೆ. ಅಲ್ಲಿಗೆ ನಿಂತಿದ್ದರೆ ಅದು ನಿಜವೇ ಆಗಿರುತ್ತಿತ್ತು. ನಿಲ್ಲಲಿಲ್ಲ. "ಸ್ಪರ್ಧಾದಾಗ ಹೇಳು ಅಂತ ವೈನಿನ ಅಂದಿದ್ಲು."

ಅತ್ತೆ ತಿರುಗಿ ಬಾಗಿಲ ಕಡೆ ನೋಡಿದಳು. "ಏನಬೇ? ಹೌದೇನು?"

ವೈನಿ ನನ್ನನ್ನು ನೋಡಿದಳು. ಬಹಳ ಹೊತ್ತೇನಲ್ಲ. ಕೂಸು ಅವಳ ತಾಳಿಯನ್ನು ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಿತ್ತು, ಅದನ್ನು ಬಿಡಿಸುವಷ್ಟು ಹೊತ್ತು.

"ಹೌದ್ರಿ ಅತ್ತಿ. ನಾನ ಹೇಳು ಅಂದಿದ್ದೆ."

ದೊಡ್ಡಪ್ಪ ಎದ್ದು ನಿಂತು, "ಗಂಡನ ಕಣ್ಣೀರು ಬಜಾರಿಗೆ ಇಟ್ಟಾಕಿ" ಎಂದಷ್ಟೇ ಹೇಳಿ ಹೊರಟುಹೋದ. ಅಪ್ಪ ನನ್ನ ಕಡೆ ನೋಡಿ, "ಇನ್ಮ್ಯಾಲೆ ದೊಡ್ಡವರು ಹೇಳಿದ್ರೂ ಬುದ್ಧಿ ಇಟಗೊಂಡು ಮಾತಾಡು" ಎಂದು ಅಂಗಡಿಗೆ ಹೋದ. ನನ್ನ ಕಾಲೇಜು ಉಳಿಯಿತು.

ಆ ಸಂಜೆ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದ ವೈನಿಯನ್ನು ಗೋಡೆಯ ಮೇಲಿಂದ ಕರೆದೆ. ನನಗೆ ಅಳು ಬಂದಿತ್ತು. ಅವಳು ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು. "ನಿಮ್ಮಪ್ಪ ಒಮ್ಮಿ ಬಿಡಿಸಿದ್ರ ತಿರಗಿ ಕಳಸಂಗಿಲ್ಲ. ನೀ ಓದು. ನನ್ನ ಗಂಡ ನನ್ನ ಮ್ಯಾಲೆ ಎಷ್ಟು ದಿನ ಸಿಟ್ಟಿರ್ತಾನ? ನಾ ಹೇಳಿಕೊಂತೀನಿ ಬಿಡು, ಫಿಕರ್ ಮಾಡಬ್ಯಾಡ."

ನಾನು ಫಿಕರ್ ಮಾಡುವುದನ್ನು ಬಿಟ್ಟೆ. ಅಷ್ಟು ಬೇಗ ಬಿಟ್ಟೆ ಎಂಬುದೇ ಈಗ...

ಅಣ್ಣ ತಂಗಿಯ ಮದುವೆಗೆ ಬರಲಿಲ್ಲ. ಮದುವೆಯ ಮನೆಯಲ್ಲಿ ವೈನಿಗೆ ಯಾರೂ ಒಂದು ಕೆಲಸ ಹೇಳಲಿಲ್ಲ. ಪಾರ್ಸಲ್ ಹೋಗುವುದು ನಿಲ್ಲಲಿಲ್ಲ, ಆದರೆ ಅಡ್ರೆಸ್ ಬರೆಯಲು ನನ್ನನ್ನು ಕರೆಯುತ್ತಿರಲಿಲ್ಲ. ಅತ್ತೆ ನನ್ನನ್ನು ಆ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಮೊದಲೆಲ್ಲ ವೈನಿ ಮಾಳಿಗೆಯ ಮೇಲೆ ನಿಂತು ಅರ್ಧ ತಾಸು ಫೋನಿನಲ್ಲಿ ಮಾತಾಡುತ್ತಿದ್ದಳು, ಅವಳ ನಗು ನಮ್ಮ ಮನೆಗೆ ಕೇಳುತ್ತಿತ್ತು. ಆಮೇಲೆ ನಾನು ಕೇಳಿದ್ದು ಬರೀ "ಹ್ಞೂಂ, ಆರಾಮದಾಳ... ಉಂಡಾಳ... ಆತು" ಎಂಬಷ್ಟು. ಒಂದು ಸಲ ಹಿತ್ತಲಲ್ಲಿ ಸಿಕ್ಕಾಗ ಕೇಳಿದ್ದೆ, ಅಣ್ಣ ಸಿಟ್ಟು ಬಿಟ್ಟರೇ ಎಂದು. "ಬೈಯಂಗಿಲ್ಲವಾ. ಬೈದಿದ್ರ ಚಲೋ ಇತ್ತು. ಕೂಸಿನ ಸುದ್ದಿ ಕೇಳ್ತಾರ, ಫೋನ್ ಇಟ್ಟುಬಿಡ್ತಾರ" ಎಂದಿದ್ದಳು. ಆಗಲೂ ನನ್ನ ಮೇಲೆ ಒಂದು ಮಾತಿಲ್ಲ.

ಡಿಗ್ರಿ ಮುಗಿದ ಮೇಲೆ ಅಣ್ಣನಿಗೆ ನಿಜ ಹೇಳುತ್ತೇನೆ ಎಂದುಕೊಂಡೆ. ಎಂ.ಎ. ಮುಗಿದ ಮೇಲೆ ಎಂದುಕೊಂಡೆ. ಕೆಲಸ ಸಿಕ್ಕಲಿ ಎಂದುಕೊಂಡೆ. ಈ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಅಷ್ಟರಲ್ಲಿ ಅಣ್ಣ ನಿವೃತ್ತರಾಗಿ ಬಂದು, ಮಗಳ ಸಾಲಿಗಾಗಿ ಸಿಂಧನೂರಿನಲ್ಲಿ ಮನೆ ಮಾಡಿದರು. ಒಂದು ವರ್ಷ ಮೂವರೂ ಒಂದೇ ಸೂರಿನಡಿ ಇದ್ದರು. ಆ ಮಳೆಗಾಲದಲ್ಲಿ ವೈನಿಗೆ ಜ್ವರ ಬಂತು, ಡೆಂಗ್ಯೂ ಎಂದರು, ಆರೇ ದಿನ...

ಆ ಚಟ್ನಿಯ ವಾಸನೆ ಬಂದ ದಿನದಿಂದ ನನಗೆ ಅನ್ನ ರುಚಿಸಲಿಲ್ಲ. ಮೊನ್ನೆ ಬುಧವಾರ ರಜೆ ಹಾಕಿ ಸಿಂಧನೂರಿಗೆ ಹೋದೆ. ಅಣ್ಣ ಈಗ ಅಲ್ಲಿಯ ಒಂದು ಬ್ಯಾಂಕಿನಲ್ಲಿ ಕಾವಲಿನ ಕೆಲಸದಲ್ಲಿದ್ದಾರೆ ಎಂದು ಅಪ್ಪ ಹೇಳಿದ್ದ. ಬಾಗಿಲ ಪಕ್ಕ ಸ್ಟೂಲಿನ ಮೇಲೆ, ತೊಡೆಯ ಮೇಲೆ ಬಂದೂಕು ಇಟ್ಟುಕೊಂಡು ಕೂತಿದ್ದರು. ಮೀಸೆ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ, "ಬಾ ತಂಗಿ, ಅಕೌಂಟ್ ಏನರ ಮಾಡಿಸಬೇಕೇನು?" ಎಂದರು.

"ಇಲ್ಲರಿ ಅಣ್ಣ. ನಿಮಗೊಂದು ಮಾತು ಹೇಳಾಕ ಬಂದೀನಿ."

ಊಟದ ಹೊತ್ತು, ಜನ ಕಡಿಮೆ ಇದ್ದರು. ನಿಂತುಕೊಂಡೇ ಹೇಳಿದೆ. ವೈನಿ ಹೇಳು ಅಂದಿರಲಿಲ್ಲ, ಯಾರ ಮುಂದೂ ಅನ್ನಬೇಡ ಅಂದಿದ್ದಳು, ನಾನೇ ಗೆಲ್ಲಬೇಕೆಂದು ಹೇಳಿದೆ, ಆಮೇಲೆ ಕಾಲೇಜು ಬಿಡಿಸುತ್ತಾರೆಂದು ಸುಳ್ಳು ಹೇಳಿದೆ, ಅವಳು ಅದನ್ನು ತನ್ನ ಮೇಲೆ ಹಾಕಿಕೊಂಡಳು ಎಂದು.

ಒಬ್ಬ ಮುದುಕಿ ಪಾಸ್‌ಬುಕ್ಕು ಹಿಡಿದು ಬಂದಳು. ಅಣ್ಣ ಎದ್ದು ಅವಳಿಗೆ ಬಾಗಿಲು ತೆರೆದು, ಯಾವ ಕೌಂಟರು ಎಂದು ತೋರಿಸಿ, ಮತ್ತೆ ಬಂದು ಕೂತರು.

"ನಾ ಆ ಯಂತ್ರ ಬ್ಯಾಡ ಅಂತ ಎಂದೂ ಅಂದಿದ್ದಿಲ್ಲ" ಎಂದರು. "ಅಂಜಿಕಿ ಬರತೈತಿ ಅಂದಿದ್ದೆ. ಒಂದು ತಪ್ಪೀತು ಅಂತ ಅಂಜೋನ ಅಲ್ಲೇನು ಕಣ್ಣು ಮುಚ್ಚದ ಕೂಡ್ರೋನು? ನೀ ಅದನ್ನ ಬ್ಯಾರೇನ ಮಾಡಿದಿ."

"ಹೌದ್ರಿ."

"ಆಕಿಗೆ ಒಂದ ಸಲ ಕೇಳಿದ್ದೆ, ನೀನ ಹೇಳು ಅಂದೇನು ಅಂತ. ಹೌದು ಅಂದ್ಲು. ತಿರುಗಿ ನಾ ಕೇಳ್ಲಿಲ್ಲ, ಆಕಿ ಹೇಳ್ಲಿಲ್ಲ." ಬಂದೂಕಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ದವಾಖಾನಿಯಾಗ ಮೂರನೇ ದಿನ ನನ್ನ ಕೈ ಹಿಡದು ಏನೋ ಹೇಳಾಕ ಬಂದ್ಲು. ಈಗ ಸುಮ್ಮ ಮಕ್ಕೋ ಅಂದೆ. ಸಿಟ್ಟಿನಾಗಲ್ಲ... ಇರಬೇಕು, ಸಿಟ್ಟಿನಾಗ ಇರಬೇಕು."

ನಾನು ಕ್ಷಮಿಸಿ ಎಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ.

"ಆಕಿ ಮ್ಯಾಲೆ ಜರಾ ಸಿಟ್ಟಿತ್ತು ಅಂತ ಎರಡು ವರ್ಷ ತಡಕೊಂಡಿದ್ದೆ ತಂಗಿ. ಆಕಿದೂ ತಪ್ಪೈತಿ ಅಂತ. ಈಗ ಅದೂ ಇಲ್ಲ. ಇನ್ನ ನಾ ಏನ್ ಮಾಡ್ಲಿ?"

ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಗಡಿಯಲ್ಲಿ ಗದ್ದಲವಾಗಿ ಟಿ.ವಿ.ಯಲ್ಲಿ ಆಕಾಶದ ಬೆಂಕಿ ತೋರಿಸಿದಾಗಲೆಲ್ಲ ಮಕ್ಕಳು ಕೇಳುತ್ತಾರೆ, ಇಷ್ಟು ಖರ್ಚು ಬೇಕೇ ಮೇಡಂ ಎಂದು. ಎರಡೂ ಕಡೆಯ ಮಾತು ಹೇಳುತ್ತೇನೆ. ನನ್ನ ಅಭಿಪ್ರಾಯ ಅರ್ಧ ಹಳೆಯದೇ ಇದೆ, ಇನ್ನರ್ಧ ವೈನಿಯದು. ಆದರೆ ಬ್ಯಾಂಕಿನ ಬಾಗಿಲಲ್ಲಿ ಅಣ್ಣ ಕೇಳಿದ್ದಕ್ಕೆ ನನ್ನಲ್ಲಿ ಯಾವ ಕಡೆಯ ಮಾತೂ ಇರಲಿಲ್ಲ. ಎದೆ ಹಗುರ ಮಾಡಿಕೊಳ್ಳಲು ಹೋದವಳು ನನ್ನ ಭಾರವನ್ನು ಅವರ ತೊಡೆಯ ಮೇಲಿಟ್ಟು ಬಂದಿದ್ದೆ.

ಹೊರಡುವಾಗ ಅವರೇ ಕರೆದರು. "ಮಗಳು ಆಗಾಗ ಕೇಳ್ತಾಳ, ನೀವಿಬ್ಬರೂ ಯಾಕ ಮಾತಾಡ್ತಿದ್ದಿಲ್ಲ, ಅವ್ವ ಏನ್ ಮಾಡಿದ್ಲು ಅಂತ. ನಾ ಏನೂ ಹೇಳಿಲ್ಲ. ಐತವಾರ ಮನಿಗೆ ಬಾ. ನೀನ ಆಕಿ ಮುಂದ ಹೇಳು."

ಇವತ್ತು ಶನಿವಾರ. ಅಂದು ತಾಯಿಯ ಬಗಲಲ್ಲಿದ್ದ ಆ ಕೂಸು ಈಗ ಏಳನೇ ಕ್ಲಾಸು ಓದುತ್ತಿದೆ. ನಾಳೆ ಮೊದಲ ಬಸ್ಸಿಗೆ ಹೋಗಬೇಕು. ವೈನಿ ಇದ್ದಿದ್ದರೆ, "ಸಣ್ಣಾಕಿ ಮುಂದ ಯಾಕ, ಬಿಡು ಹೋಗ್ಲಿ" ಎಂದು ಈ ಸಲವೂ ನನ್ನನ್ನು ಉಳಿಸುತ್ತಿದ್ದಳು. ಅವಳಿಲ್ಲ.